ಮೇವಿಗೆ ಮುಖ ತಿರುಗಿಸುವ ಮೊಲ: ಮೊದಲು ಏನು ನೋಡಬೇಕು, ಆಮೇಲೆ ಏನು ಮಾಡಬೇಕು

ನಿನ್ನೆಯವರೆಗೆ ಬಟ್ಟಲು ಇಟ್ಟ ಕೂಡಲೇ ಓಡಿ ಬರುತ್ತಿದ್ದ ಮೊಲ ಇವತ್ತು ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಮೇವು) ಮೂಸಿ ಹಿಂದೆ ಸರಿಯುತ್ತದೆ. ಹುಲ್ಲಿನ ಕಡೆ ನೋಡುವುದೇ ಇಲ್ಲ. ಆಗ ಮನೆಯವರು ಮಾಡುವುದು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಬೇರೆ ಕಂಪನಿಯ ಪೆಲೆಟ್ ತರುತ್ತಾರೆ, ಕ್ಯಾರೆಟ್ ಹೆಚ್ಚಿ ಕೊಡುತ್ತಾರೆ, ಬಾಳೆಹಣ್ಣು ಹಿಡಿಯುತ್ತಾರೆ. ಮೊಲ ಅದನ್ನು ತಿನ್ನುತ್ತದೆ. ‘ಸದ್ಯ, ತಿಂತಲ್ಲ’ ಎಂದು ಸಮಾಧಾನವಾಗುತ್ತದೆ. ಎರಡು ದಿನ ಕಳೆದು ಅದು ಮೂಲೆಯಲ್ಲಿ ಮುದುಡಿ ಕೂತಾಗ ಡಾಕ್ಟರ್ ನೆನಪಾಗುತ್ತಾರೆ.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಆಹಾರ ಬದಲಿಸುವುದು ಕೊನೆಯ ಕಡೆಯ ಕೆಲಸ, ಅದನ್ನೇ ಮೊದಲು ಮಾಡಿಬಿಡುತ್ತಾರೆ. ಮೊದಲು ಗೊತ್ತಾಗಬೇಕಾದ್ದು ಬೇರೆ: ಮೊಲಕ್ಕೆ ತಿನ್ನಲು ಮನಸ್ಸಿಲ್ಲವೋ, ತಿನ್ನಲು ಆಗುತ್ತಿಲ್ಲವೋ. ಎರಡೂ ಹೊರಗಿನಿಂದ ಒಂದೇ ತರ ಕಾಣುತ್ತವೆ. ಮೊಲ ನೋವನ್ನು ಮುಚ್ಚಿಡುವ ಪ್ರಾಣಿ. ಕೂಗುವುದಿಲ್ಲ, ಕುಂಯ್‌ಗುಡುವುದಿಲ್ಲ. ತಿನ್ನುವುದನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಹಾಗಾಗಿ ‘ಇದಕ್ಕೆ ಜಂಬ ಬಂದಿದೆ’ ಎಂದುಕೊಳ್ಳುವ ಮುಂಚೆ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ನೋಡಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ, ಸಣ್ಣ ಟಾರ್ಚ್, ಸೂಜಿಯಿಲ್ಲದ 1 ಮಿ.ಲೀ. ಮತ್ತು 10 ಮಿ.ಲೀ. ಸಿರಿಂಜ್, ಒಂದು ಹಳೆಯ ಬಿಳಿ ಬೆಡ್‌ಶೀಟ್, ಒಂದು ಟವೆಲ್, ಬರೆದಿಡಲು ಪುಸ್ತಕ. ಜೊತೆಗೆ ಮೊಲ ನೋಡುವ ಪಶುವೈದ್ಯರ ನಂಬರ್. ಈ ನಂಬರನ್ನು ಮೊಲ ಚೆನ್ನಾಗಿರುವಾಗಲೇ ಹುಡುಕಿಡಬೇಕು. ನಮ್ಮೂರುಗಳಲ್ಲಿ ಎಷ್ಟೋ ಕ್ಲಿನಿಕ್‌ಗಳು ನಾಯಿ–ಬೆಕ್ಕು ಮಾತ್ರ ನೋಡುತ್ತವೆ, ಸರ್ಕಾರಿ ಆಸ್ಪತ್ರೆಗಳ ಅನುಭವವೆಲ್ಲ ಹಸು–ಎಮ್ಮೆ–ಕುರಿಗಳದ್ದು. ‘ಮೊಲದ ಹಲ್ಲು ನೋಡುತ್ತೀರಾ?’ ಎಂದು ಫೋನಿನಲ್ಲೇ ಕೇಳಿ. ಹತ್ತಿರ ಯಾರೂ ಇಲ್ಲದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

## ಹಂತ 1: ಗಡಿಯಾರ ನೋಡಿ

ಕೊನೆಯ ಸಲ ಯಾವಾಗ ತಿಂದಿತು, ಕೊನೆಯ ಹಿಕ್ಕೆ ಯಾವಾಗ ಹಾಕಿತು? ಎರಡನ್ನೂ ಬರೆಯಿರಿ. ಬೆಳೆದ ಮೊಲ 10–12 ಗಂಟೆ ಏನೂ ತಿನ್ನದಿದ್ದರೆ, ಅಥವಾ ಹಿಕ್ಕೆಯೇ ಹಾಕದಿದ್ದರೆ, ಅದು ತುರ್ತುಸ್ಥಿತಿ. ಮಾರನೇ ದಿನದವರೆಗೆ ಕಾಯುವ ವಿಷಯ ಅಲ್ಲ. ಮೂರು ತಿಂಗಳೊಳಗಿನ ಮರಿಯಾದರೆ ಅಷ್ಟು ಹೊತ್ತೂ ಕಾಯಬೇಡಿ.

ಇಷ್ಟು ಅವಸರ ಯಾಕೆಂದರೆ ಮೊಲದ ಕರುಳು ಸದಾ ಚಲಿಸುತ್ತಿರಬೇಕು, ಅದನ್ನು ಚಲಿಸುವಂತೆ ಇಡುವುದು ನಾರು. ಮೇವು ನಿಂತರೆ ಕರುಳು ನಿಧಾನವಾಗುತ್ತದೆ, ಒಳಗೆ ಗಾಳಿ ತುಂಬುತ್ತದೆ. ಗಾಳಿಯಿಂದ ನೋವು, ನೋವಿನಿಂದ ಇನ್ನಷ್ಟು ಕಡಿಮೆ ಮೇವು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಒಳಗಿನ ಒತ್ತಡಕ್ಕೆ ಬೇರೆ ದಾರಿಯಿಲ್ಲ. ದಪ್ಪ ಮೊಲಗಳಲ್ಲಿ ಉಪವಾಸ ಯಕೃತ್ತಿಗೂ ಬೇಗ ಪೆಟ್ಟು ಕೊಡುತ್ತದೆ.

ಈ ಲಕ್ಷಣಗಳಲ್ಲಿ ಒಂದು ಕಂಡರೂ ಉಳಿದ ಹಂತಗಳನ್ನು ಬಿಟ್ಟು ಆಸ್ಪತ್ರೆಗೆ ಹೊರಡಿ:

- ಬೆನ್ನು ಗೂನು ಮಾಡಿ, ಕಣ್ಣು ಅರೆಮುಚ್ಚಿ ಕೂತಿದೆ, ಕರೆದರೂ ಅಲ್ಲಾಡುವುದಿಲ್ಲ
- ಹಲ್ಲು ಜೋರಾಗಿ ಕಟಕಟ ಕಡಿಯುತ್ತಿದೆ (ತಲೆ ಸವರುವಾಗ ಬರುವ ಮೆಲುವಾದ ಹಲ್ಲಿನ ಸದ್ದು ಬೇರೆ, ಅದು ಸುಖದ್ದು)
- ಹೊಟ್ಟೆ ಬಿಗಿಯಾಗಿ ಉಬ್ಬಿದೆ
- ಕಿವಿ ತಣ್ಣಗಾಗಿದೆ, ಮೈ ಸೋತಿದೆ
- ಬಾಯಿ ತೆರೆದು ಉಸಿರಾಡುತ್ತಿದೆ, ಅಥವಾ ಕತ್ತು ಒಂದು ಕಡೆಗೆ ವಾಲಿದೆ
- ನೀರುನೀರಾದ ಭೇದಿ

ಮೊಲದ ಮೈ ಉಷ್ಣಾಂಶ ಸಾಮಾನ್ಯವಾಗಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್. 38ಕ್ಕಿಂತ ಕೆಳಗೆ ಇಳಿದ ಮೊಲ ಬಹಳ ಅಪಾಯದಲ್ಲಿದೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡುವುದು ಅಭ್ಯಾಸವಿಲ್ಲದಿದ್ದರೆ ಮನೆಯಲ್ಲಿ ಪ್ರಯತ್ನಿಸಬೇಡಿ. ಒದ್ದಾಡಿದರೆ ಗಾಯವಾಗುತ್ತದೆ. ಕಿವಿ ಮುಟ್ಟಿ ನೋಡಿದರೆ ಸಾಕು.

## ಹಂತ 2: ಹಿಕ್ಕೆ ಓದಿ

ಮೇಲಿನ ಯಾವ ಲಕ್ಷಣವೂ ಇಲ್ಲ, ಸ್ವಲ್ಪಸ್ವಲ್ಪ ತಿನ್ನುತ್ತಿದೆ ಎಂದಾದರೆ ಗೂಡನ್ನು ಪೂರ್ತಿ ಗುಡಿಸಿ, ಬಿಳಿ ಬೆಡ್‌ಶೀಟ್ ಹಾಸಿ. ಆಗ ಇವತ್ತಿನದು ಯಾವುದು, ನಿನ್ನೆಯದು ಯಾವುದು ಎಂಬ ಗೊಂದಲ ಇರುವುದಿಲ್ಲ. ಎರಡು ಮೊಲಗಳಿದ್ದರೆ ನಡುವೆ ಜಾಲರಿ ಇಡಿ. ಒಂದನ್ನೊಂದು ಕಾಣುತ್ತಿರಬೇಕು, ಆದರೆ ಹಿಕ್ಕೆ ಬೆರೆಯಬಾರದು. ಇದನ್ನು ಮಾಡದೆ ‘ಹಿಕ್ಕೆ ಹಾಕಿದೆ ಡಾಕ್ಟರೇ’ ಎನ್ನುವವರು ಬಹಳ. ಹಾಕಿದ್ದು ಇನ್ನೊಂದು ಮೊಲ ಆಗಿರುತ್ತದೆ.

ಒಳ್ಳೆಯ ಹಿಕ್ಕೆ ಕಡಲೆಕಾಳಿನ ಗಾತ್ರಕ್ಕೆ ಗುಂಡಗೆ, ಒಂದೇ ಅಳತೆಯಲ್ಲಿರುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಒಳಗೆ ಹುಲ್ಲಿನ ಎಳೆ ಕಾಣುತ್ತದೆ. ಆರೋಗ್ಯವಾಗಿರುವ ಮೊಲ ದಿನಕ್ಕೆ ಸುಮಾರು 200–300 ಹಾಕುತ್ತದೆ.

ಸಣ್ಣದಾಗಿ, ಕಪ್ಪಾಗಿ, ಕಲ್ಲಿನಷ್ಟು ಗಟ್ಟಿಯಾಗಿದ್ದರೆ ಮೇವು ಅಥವಾ ನೀರು ಸಾಲುತ್ತಿಲ್ಲ, ಕರುಳು ನಿಧಾನವಾಗಿದೆ ಎಂದರ್ಥ. ಕೂದಲಿನಲ್ಲಿ ಒಂದಕ್ಕೊಂದು ಪೋಣಿಸಿಕೊಂಡು ಬಂದರೆ ರೋಮ ಉದುರುವ ಕಾಲ, ನುಂಗಿದ ರೋಮ ಹೊರಹೋಗುತ್ತಿದೆ. ದಿನವೂ ಬಾಚಿ, ಹುಲ್ಲು ಹೆಚ್ಚಿಸಿ.

ಇನ್ನೊಂದು ಬಗೆಯಿದೆ: ಮೆತ್ತಗೆ, ಮಿರುಗುತ್ತಾ, ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡಿರುವಂಥದು. ಅದು ಭೇದಿಯಲ್ಲ. ಮೊಲ ಅದನ್ನು ನೇರವಾಗಿ ಹಿಂಬದಿಯಿಂದಲೇ ಬಾಯಿ ಹಾಕಿ ತಿಂದು, ಅದರಲ್ಲಿರುವ ವಿಟಮಿನ್, ಪ್ರೋಟೀನ್‌ಗಳನ್ನು ಮತ್ತೆ ಪಡೆಯುತ್ತದೆ. ಅದು ನೆಲದ ಮೇಲೆ ಉಳಿದಿದೆ ಎಂದರೆ ಒಂದೋ ಪೆಲೆಟ್, ಸಿಹಿ ಹೆಚ್ಚಾಗಿದೆ. ಇಲ್ಲವೇ ಬೊಜ್ಜು, ಬೆನ್ನುನೋವು, ಹಲ್ಲುನೋವಿನಿಂದ ಬಗ್ಗಿ ತಿನ್ನಲು ಆಗುತ್ತಿಲ್ಲ.

## ಹಂತ 3: ಏನು ಬಿಟ್ಟಿದೆ, ಏನು ತಿನ್ನುತ್ತಿದೆ

ಈಗ ಸಣ್ಣದೊಂದು ಪರೀಕ್ಷೆ. ಗಲಾಟೆಯಿಲ್ಲದ ಹೊತ್ತಿನಲ್ಲಿ ಒಂದಾದ ಮೇಲೊಂದರಂತೆ ಮುಂದಿಡಿ: ಒಣಹುಲ್ಲು, ಆಮೇಲೆ ಪೆಲೆಟ್, ಆಮೇಲೆ ಕೊತ್ತಂಬರಿ ಸೊಪ್ಪು, ಕೊನೆಗೆ ಅದಕ್ಕೆ ಅತ್ಯಂತ ಇಷ್ಟವಾದ ತುಂಡು. ಪ್ರತಿಯೊಂದಕ್ಕೂ ನಾಲ್ಕೈದು ನಿಮಿಷ ಕೊಡಿ. ಕೂತು ನೋಡಿ, ಫೋನಿನಲ್ಲಿ ವಿಡಿಯೊ ಮಾಡಿ. ಡಾಕ್ಟರಿಗೆ ಈ ವಿಡಿಯೊ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಆಸ್ಪತ್ರೆಯ ಮೇಜಿನ ಮೇಲೆ ಯಾವ ಮೊಲವೂ ತಿಂದು ತೋರಿಸುವುದಿಲ್ಲ.

ಹಲ್ಲುನೋವಿರುವ ಮೊಲ ಕೊತ್ತಂಬರಿ ತಿನ್ನುವುದನ್ನು ಹತ್ತಿರದಿಂದ ನೋಡಿ. ಆಸೆಯಿಂದಲೇ ಬರುತ್ತದೆ. ಮುಂದಿನ ಹಲ್ಲಿನಿಂದ ದಂಟು ಕತ್ತರಿಸುತ್ತದೆ. ದವಡೆ ಎರಡು ಮೂರು ಸಲ ಒಂದೇ ಪಕ್ಕಕ್ಕೆ ಆಡುತ್ತದೆ, ನಿಲ್ಲುತ್ತದೆ, ತಲೆ ಒಮ್ಮೆ ಕೊಡವುತ್ತದೆ. ಅರ್ಧ ಅಗಿದ ಹಸಿರು ಉಂಡೆ ಬಾಯಿಯಿಂದ ಜಾರಿ ಬೀಳುತ್ತದೆ. ಮುಂಗಾಲಿನಿಂದ ಬಾಯಿ ಒರೆಸಿಕೊಂಡು ಮತ್ತೆ ಅದೇ ದಂಟಿಗೆ ಬಾಯಿ ಹಾಕುತ್ತದೆ. ಹಸಿವಿದೆ, ಅಗಿಯಲು ಆಗುತ್ತಿಲ್ಲ. ಇದನ್ನು ತಕರಾರು ಎಂದು ಕರೆಯುವುದು ಆ ಪ್ರಾಣಿಗೆ ಮಾಡುವ ಅನ್ಯಾಯ.

ನೋಡಿದ್ದನ್ನು ಹೀಗೆ ಅರ್ಥಮಾಡಿಕೊಳ್ಳಿ:

ಹುಲ್ಲು ಬಿಟ್ಟು ಮೆತ್ತನೆಯದೆಲ್ಲ ತಿನ್ನುತ್ತದೆ. ಮೊದಲ ಅನುಮಾನ ದವಡೆ ಹಲ್ಲು. ಎರಡನೆಯದು, ಪೆಲೆಟ್ ಮತ್ತು ತಿಂಡಿಯಲ್ಲೇ ಹೊಟ್ಟೆ ತುಂಬುತ್ತಿರುವುದು.

ಹುಲ್ಲು, ಸೊಪ್ಪು ಚೆನ್ನಾಗಿ ತಿನ್ನುತ್ತದೆ, ಪೆಲೆಟ್ ಮಾತ್ರ ಬೇಡ. ಇದು ಎಲ್ಲಕ್ಕಿಂತ ಹಗುರವಾದ ಪ್ರಕರಣ. ತಪ್ಪು ಪೆಲೆಟ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು.

ಹತ್ತಿರ ಬಂದು ಮೂಸಿ, ಬಾಯಿ ಹಾಕದೆ ತಿರುಗುತ್ತದೆ. ಬಾಯಿಯಲ್ಲಿ ಅಥವಾ ಹೊಟ್ಟೆಯಲ್ಲಿ ನೋವು.

ಇಷ್ಟದ ತುಂಡಿಗೂ ಮೂಗು ಆಡಿಸುವುದಿಲ್ಲ. ಹಂತ 1ಕ್ಕೆ ಹಿಂತಿರುಗಿ, ಫೋನ್ ಕೈಗೆತ್ತಿಕೊಳ್ಳಿ.

ಬಾಳೆಹಣ್ಣು ತಿಂದ ಮಾತ್ರಕ್ಕೆ ಮೊಲ ಆರೋಗ್ಯವಾಗಿದೆ ಎಂದಲ್ಲ. ಅದಕ್ಕೆ ಅಗಿಯುವುದೇ ಬೇಕಿಲ್ಲ. ಮನೆಯವರನ್ನು ಹಾದಿ ತಪ್ಪಿಸುವುದರಲ್ಲಿ ಬಾಳೆಹಣ್ಣಿನದೇ ದೊಡ್ಡ ಪಾಲು.

## ಹಂತ 4: ಬಾಯಿ, ಗಲ್ಲ, ಕಣ್ಣು

ಮೊಲದ ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲು ವಾರಕ್ಕೆ ಸುಮಾರು 2–3 ಮಿ.ಮೀ. ಬೆಳೆಯುತ್ತದೆ. ಹುಲ್ಲನ್ನು ಗಂಟೆಗಟ್ಟಲೆ ಅಡ್ಡಡ್ಡ ಅರೆಯುವಾಗ ಅವು ಸವೆಯುತ್ತವೆ. ಪೆಲೆಟ್ ಕುಟುಕಿ ನುಂಗುವ ಮೊಲದಲ್ಲಿ ದವಡೆ ಹಲ್ಲು ಸರಿಯಾಗಿ ಸವೆಯದೆ ಅಂಚು ಚೂಪಾಗಿ, ನಾಲಿಗೆಗೋ ಕೆನ್ನೆಗೋ ಚುಚ್ಚುತ್ತದೆ.

ಮೊಲವನ್ನು ಟವೆಲ್‌ನಲ್ಲಿ ಸುತ್ತಿ, ನೆಲದ ಮೇಲೇ ಕೂತು ನೋಡಿ. ಎತ್ತರದ ಮೇಜು ಬೇಡ, ಹಾರಿ ಬೆನ್ನು ಮುರಿದುಕೊಳ್ಳುತ್ತದೆ. ಮೇಲ್ತುಟಿಯನ್ನು ಎರಡು ಕಡೆ ನಯವಾಗಿ ಸರಿಸಿದರೆ ಮುಂದಿನ ಹಲ್ಲು ಕಾಣುತ್ತದೆ. ಮೇಲಿನದು ಕೆಳಗಿನದರ ಸ್ವಲ್ಪ ಮುಂದೆ ಕೂರಬೇಕು. ಸೊಟ್ಟಗಿದ್ದರೆ, ಒಂದು ಉದ್ದ ಒಂದು ಗಿಡ್ಡ ಇದ್ದರೆ, ಮುರಿದಿದ್ದರೆ ಬರೆದುಕೊಳ್ಳಿ. ಆಮೇಲೆ ಗಲ್ಲದ ಕೆಳಗೆ ಮುಟ್ಟಿ. ಒದ್ದೆಯಾಗಿದೆಯೇ? ಮುಂಗಾಲಿನ ಒಳಬದಿಯ ರೋಮ ಜಡೆಗಟ್ಟಿದೆಯೇ? ಅದು ಜೊಲ್ಲು ಒರೆಸಿಕೊಂಡ ಗುರುತು. ಕೆಳದವಡೆಯ ಅಂಚಿನಲ್ಲಿ ಬೆರಳು ಓಡಿಸಿ ಗಂಟು ಇದೆಯೇ ನೋಡಿ. ಒಂದೇ ಕಣ್ಣಿನಲ್ಲಿ ನೀರು ಸುರಿಯುತ್ತಿದ್ದರೆ ಅದೂ ಹಲ್ಲಿನ ಸುಳಿವಿರಬಹುದು, ಮೇಲಿನ ಹಲ್ಲಿನ ಬೇರು ಕಣ್ಣೀರಿನ ನಾಳಕ್ಕೆ ಅಷ್ಟು ಹತ್ತಿರ.

ದವಡೆ ಹಲ್ಲು ಮನೆಯಲ್ಲಿ ಕಾಣುವುದಿಲ್ಲ. ಮುಂದಿನ ಹಲ್ಲು ಚೆನ್ನಾಗಿದೆ ಎಂದು ‘ಹಲ್ಲು ಸರಿಯಿದೆ’ ಎಂಬ ತೀರ್ಮಾನಕ್ಕೆ ಬರಬೇಡಿ. ಮತ್ತು ಯಾವ ಕಾರಣಕ್ಕೂ ನೇಲ್ ಕಟರ್‌ನಿಂದ ಹಲ್ಲು ಕತ್ತರಿಸಬೇಡಿ. ಹಲ್ಲು ಉದ್ದುದ್ದಕ್ಕೆ ಸೀಳಿ, ಬೇರಿನವರೆಗೆ ಸೋಂಕು ಹೋಗುತ್ತದೆ.

## ಹಂತ 5: ಮನೆಯಲ್ಲಿ ಏನು ಬದಲಾಯಿತು

ಹೊಟ್ಟೆ, ಬಾಯಿ ಎರಡೂ ಚೆನ್ನಾಗಿವೆ ಎನಿಸಿದರೆ ಹಿಂದಿನ ಒಂದು ವಾರವನ್ನು ನೆನಪಿಸಿಕೊಳ್ಳಿ.

ನೀರು. ಇದನ್ನೇ ಮೊದಲು ನೋಡಿ. ಬಾಟಲಿಯ ತುದಿಯ ಗುಂಡು ಸಿಕ್ಕಿಕೊಂಡರೆ ಹೊರಗಿನಿಂದ ಗೊತ್ತಾಗುವುದಿಲ್ಲ, ಬಾಟಲಿ ತುಂಬಿಯೇ ಕಾಣುತ್ತದೆ. ನೀರಿಲ್ಲದ ಮೊಲ ಒಣ ಮೇವು ಮುಟ್ಟುವುದಿಲ್ಲ. ಅಗಲವಾದ, ಮಗುಚದ ಪಿಂಗಾಣಿ ಬಟ್ಟಲು ಇಡಿ, ಅದರಲ್ಲಿ ಹೆಚ್ಚು ಕುಡಿಯುತ್ತವೆ. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 150 ಮಿ.ಲೀ. ಕುಡಿಯಬೇಕು.

ಸೆಕೆ. ಮೊಲಕ್ಕೆ ಹಿತವಾದದ್ದು 15–21 ಡಿಗ್ರಿ. 28–30 ದಾಟಿದರೆ ಕಷ್ಟ ಶುರು. ಏಪ್ರಿಲ್–ಮೇನಲ್ಲಿ ರಾಯಚೂರು, ಕಲಬುರಗಿಯಲ್ಲಿ 40 ದಾಟುತ್ತದೆ. ಬೆಂಗಳೂರಿನ ಶೀಟ್ ಮನೆ, ಬಾಲ್ಕನಿಗಳೂ ಮಧ್ಯಾಹ್ನ ಕಾದಿರುತ್ತವೆ. ಹಗಲು ತಿನ್ನದೆ ರಾತ್ರಿ ತಿನ್ನುತ್ತಿದ್ದರೆ ಸೆಕೆಯೇ ಕಾರಣ ಇರಬಹುದು. ತಂಪಾದ ಟೈಲ್ಸ್ ನೆಲ, ಬಟ್ಟೆ ಸುತ್ತಿದ ಐಸ್ ಬಾಟಲಿ, ಕಿವಿಗೆ ಒದ್ದೆ ಬಟ್ಟೆ. ತಣ್ಣೀರಲ್ಲಿ ಮುಳುಗಿಸಬೇಡಿ.

ಪೆಲೆಟ್ ಚೀಲ. ಹೊಸ ಚೀಲ ಒಡೆದ ದಿನದಿಂದಲೇ ಶುರುವಾಯಿತೇ? ಮೂಸಿ ನೋಡಿ. ಒಳ್ಳೆಯದಕ್ಕೆ ಹುಲ್ಲಿನ ವಾಸನೆ ಇರುತ್ತದೆ, ಹಾಳಾದದ್ದಕ್ಕೆ ಮುಗ್ಗಲು ಅಥವಾ ಕಮಟು. ಮಂಗಳೂರು–ಉಡುಪಿಯ ಮಳೆಗಾಲದಲ್ಲಿ ಬಾಯಿ ಕಟ್ಟದೆ ಇಟ್ಟ ಚೀಲಕ್ಕೆ ಬೇಗ ಬೂಸ್ಟು ಹಿಡಿಯುತ್ತದೆ. ಬೂಸ್ಟು ಬಂದದ್ದನ್ನು ಬಿಸಿಲಿಗೆ ಹಾಕಿ ಮತ್ತೆ ಕೊಡುವುದು ಬೇಡ, ಎಸೆಯಿರಿ.

ಹೆಣ್ಣು ಮೊಲ. ಎದೆಯ ರೋಮ ಕಿತ್ತು, ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಮೂಲೆಗೆ ಒಯ್ಯುತ್ತಿದ್ದರೆ ಅದು ಗೂಡು ಕಟ್ಟುತ್ತಿದೆ. ಸುಳ್ಳು ಬಸಿರು 16–18 ದಿನದಲ್ಲಿ ಮುಗಿಯುತ್ತದೆ, ನಿಜವಾದದ್ದು 30–32 ದಿನ. ಎರಡರ ಕೊನೆಯಲ್ಲೂ ಮೇವು ಕಡಿಮೆಯಾಗುವುದುಂಟು. ‘ಎರಡೂ ಹೆಣ್ಣೇ’ ಎಂದು ಅಂಗಡಿಯವರು ಕೊಟ್ಟ ಜೋಡಿಯಾದರೆ ಲಿಂಗವನ್ನು ಒಮ್ಮೆ ಡಾಕ್ಟರ ಹತ್ತಿರ ಖಚಿತಪಡಿಸಿಕೊಳ್ಳಿ.

ಭಯ ಮತ್ತು ಒಂಟಿತನ. ದೀಪಾವಳಿಯ ಪಟಾಕಿ, ಮನೆಗೆ ಬಣ್ಣ, ಹೊಸ ನಾಯಿ, ಜೊತೆಗಾರ ಮೊಲದ ಸಾವು. ಇವುಗಳಿಂದಲೂ ಮೇವು ಬಿಡುತ್ತದೆ. ಕಾರಣ ಮನಸ್ಸಿನದಾದರೂ ಕರುಳು ನಿಲ್ಲುವುದು ನಿಜವಾಗಿಯೇ, 10–12 ಗಂಟೆಯ ಲೆಕ್ಕ ಇಲ್ಲೂ ಅದೇ.

## ಹಂತ 6: ಈಗ ಆಹಾರ ಸರಿಪಡಿಸಿ

ಮೊದಲು ತಿಂಡಿ ನಿಲ್ಲಿಸಿ: ಬಿಸ್ಕತ್ತು, ಬ್ರೆಡ್, ಚಪಾತಿ, ಅನ್ನ, ಜೋಳ, ಕಡಲೆ, ಹಣ್ಣು. ಬಣ್ಣಬಣ್ಣದ ತುಂಡು, ಸೂರ್ಯಕಾಂತಿ ಬೀಜ ಬೆರೆಸಿದ ಮಿಕ್ಸ್ ಕೊಡುತ್ತಿದ್ದರೆ ಅದಕ್ಕೂ ಕೊನೆ ಹಾಡಿ. ಅದರಲ್ಲಿ ಸಿಹಿಯದನ್ನು ಆರಿಸಿ ತಿಂದು ಉಳಿದದ್ದನ್ನು ಬಿಡುವುದನ್ನು ಮೊಲ ಕಲಿಯುತ್ತದೆ. ಆ ಚಾಳಿಯನ್ನು ಕಲಿಸಿದ್ದು ಚೀಲವೇ.

ಬೆಳೆದ ಮೊಲಕ್ಕೆ ಪೆಲೆಟ್ ಕಿಲೋಗೆ ಗರಿಷ್ಠ 25 ಗ್ರಾಂ. ಎರಡು ಕಿಲೋ ಮೊಲಕ್ಕೆ ದಿನಕ್ಕೆ 50 ಗ್ರಾಂ ಸಾಕು, ತೂಗಿ ಹಾಕಿ. ಕಂಪನಿ ಬದಲಿಸಲೇಬೇಕೆಂದರೆ 10–14 ದಿನ ತೆಗೆದುಕೊಳ್ಳಿ: ಹಳೆಯದಕ್ಕೆ ಕಾಲುಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಒಂದೇ ದಿನಕ್ಕೆ ಬದಲಿಸಿದರೆ ಕರುಳಿನ ಸೂಕ್ಷ್ಮಜೀವಿಗಳ ಸಮತೋಲನ ಕೆಡುತ್ತದೆ.

ಆಹಾರದಲ್ಲಿ ನೂರಕ್ಕೆ 80 ಭಾಗಕ್ಕೂ ಹೆಚ್ಚು ಹುಲ್ಲಾಗಿರಬೇಕು, ದಿನಕ್ಕೆ ಮೊಲದ ಮೈಯಷ್ಟು ದೊಡ್ಡ ಕಟ್ಟು. ಆನ್‌ಲೈನ್‌ನಲ್ಲಿ ಸಿಗುವ ತಿಮೋತಿ ಹುಲ್ಲು ದುಬಾರಿ ಎಂದು ಹುಲ್ಲೇ ಕೊಡದವರಿದ್ದಾರೆ. ಗರಿಕೆ, ಗಿನಿ ಹುಲ್ಲು, ರೋಡ್ಸ್ ಹುಲ್ಲು ನೆರಳಲ್ಲಿ ಒಣಗಿಸಿ ಕೊಟ್ಟರೂ ನಡೆಯುತ್ತದೆ. ಔಷಧ ಹೊಡೆಯದ, ನಾಯಿ ಓಡಾಡದ ಜಾಗದ್ದಾಗಿರಲಿ. ಯಂತ್ರದಲ್ಲಿ ಕತ್ತರಿಸಿ ರಾಶಿ ಹಾಕಿದ ಲಾನ್ ಹುಲ್ಲು ಬೇಡ, ಅದು ಬೇಗ ಹುಳಿಯುತ್ತದೆ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಆರು ತಿಂಗಳೊಳಗಿನ ಮರಿಗೆ ಒಳ್ಳೆಯದು, ಬೆಳೆದ ಮೊಲಕ್ಕೆ ದಿನನಿತ್ಯದ ಮೇವಲ್ಲ. ಭತ್ತದ ಹುಲ್ಲಿನಲ್ಲಿ ಪೋಷಣೆ ಕಡಿಮೆ, ಅದು ಹಾಸಲು ಇರಲಿ.

ಹುಲ್ಲಿಗೆ ಮನಸ್ಸು ತಿರುಗಿಸಲು ದಿನಕ್ಕೆ ಮೂರು ಸಲ ಹೊಸದಾಗಿ ಹಾಕಿ, ಹಳೆಯದನ್ನು ತೆಗೆಯಿರಿ. ಗಾಳಿಗೆ ಮೆತ್ತಗಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲು ತೋರಿಸಿ. ಮಲ ವಿಸರ್ಜಿಸುವ ಟ್ರೇ ಪಕ್ಕದಲ್ಲೇ ಇಡಿ, ಮೊಲಗಳು ಅಲ್ಲಿ ಕೂತು ತಿನ್ನಲು ಇಷ್ಟಪಡುತ್ತವೆ. ಕೊತ್ತಂಬರಿ, ಪುದೀನ, ಸಬ್ಬಸಿಗೆಯನ್ನು ನಡುನಡುವೆ ಸಿಕ್ಕಿಸಿ. ಮಾರುಕಟ್ಟೆಯ ಸೊಪ್ಪನ್ನು ನೆನೆಸಿ, ಮೂರ್ನಾಲ್ಕು ನೀರಲ್ಲಿ ತೊಳೆಯಬೇಕು. ಪಾಲಕ್ ಅಪರೂಪಕ್ಕೆ. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಟೊಮೆಟೊ ಮತ್ತು ಆಲೂಗಡ್ಡೆಯ ಎಲೆ, ಕಣಗಿಲೆ, ಲಂಟಾನ ಯಾವತ್ತೂ ಬೇಡ.

‘ಹಸಿವಾದರೆ ತಾನಾಗೇ ತಿನ್ನುತ್ತೆ’ ಎಂಬ ಮಾತು ಮೊಲಕ್ಕೆ ಅನ್ವಯಿಸುವುದಿಲ್ಲ. ಪೆಲೆಟ್ ಕಡಿಮೆ ಮಾಡುವ ದಿನಗಳಲ್ಲಿ ಪ್ರತಿ ಬೆಳಿಗ್ಗೆ ತೂಕ ಮಾಡಿ. ಎರಡು ಕಿಲೋ ಮೊಲ 100 ಗ್ರಾಂ ಇಳಿದರೆ ಪ್ರಯೋಗ ನಿಲ್ಲಿಸಿ, ಡಾಕ್ಟರನ್ನು ಕೇಳಿ.

## ಹಂತ 7: ಆಸ್ಪತ್ರೆ ತಲುಪುವವರೆಗೆ ಸಿರಿಂಜ್‌ನಲ್ಲಿ ಉಣಿಸುವುದು

ಹೊಟ್ಟೆ ಮೃದುವಾಗಿದ್ದು, ಮೈ ಬೆಚ್ಚಗಿದ್ದು, ನುಂಗುತ್ತಿದ್ದರೆ ಮಾತ್ರ ಇದನ್ನು ಮಾಡಿ. ಉಬ್ಬಿದ ಹೊಟ್ಟೆಗೆ ತುರುಕಿದರೆ, ಒಳಗೆ ಅಡ್ಡ ಸಿಕ್ಕಿದ್ದಲ್ಲಿ, ಹೊಟ್ಟೆ ಒಡೆಯುವ ಅಪಾಯವಿದೆ. ತಣ್ಣಗಿರುವ ಮೊಲವನ್ನು ಮೊದಲು ಬೆಚ್ಚಗೆ ಮಾಡಿ: ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕದಲ್ಲಿಟ್ಟು, ಬಿಸಿಯಾದರೆ ಸರಿದುಹೋಗಲು ಜಾಗ ಬಿಡಿ.

1. ಮಾಮೂಲಿ ಪೆಲೆಟ್ ಪುಡಿಮಾಡಿ, ಬೆಚ್ಚಗಿನ ನೀರಲ್ಲಿ ನೆನೆಸಿ, ಸಿರಿಂಜ್‌ನಲ್ಲಿ ಸಿಕ್ಕದಷ್ಟು ನುಣ್ಣಗೆ ಕಲಸಿ.
2. ಟವೆಲ್‌ನಲ್ಲಿ ಸುತ್ತಿ, ನಾಲ್ಕೂ ಕಾಲಿನ ಮೇಲೆ ಕೂರಿಸಿ. ಬೆನ್ನ ಮೇಲೆ ಮಲಗಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.
3. ಮುಂದಿನ ಹಲ್ಲಿನ ಹಿಂದೆ ಪಕ್ಕದಲ್ಲಿ ಹಲ್ಲಿಲ್ಲದ ಜಾಗವಿದೆ. ಸಿರಿಂಜ್ ಅಲ್ಲಿಂದ ಒಳಗೆ.
4. ಅರ್ಧ–ಒಂದು ಮಿ.ಲೀ. ಕೊಟ್ಟು, ಅಗಿದು ನುಂಗುವವರೆಗೆ ನಿಲ್ಲಿಸಿ. ಒಂದು ಸಲಕ್ಕೆ ಕಿಲೋಗೆ ಸುಮಾರು 10 ಮಿ.ಲೀ., ನಾಲ್ಕು ಗಂಟೆಗೊಮ್ಮೆ.

ಹಾಲು, ಮೊಸರು, ಗಂಜಿ, ಜ್ಯೂಸ್ ಬೇಡ. ಮನೆಯಲ್ಲಿರುವ ಯಾವ ಮಾತ್ರೆಯೂ ಬೇಡ.

## ಹಂತ 8: ಡಾಕ್ಟರ ಹತ್ತಿರ

ಬರೆದ ಪುಸ್ತಕ, ವಿಡಿಯೊ, ಕವರ್‌ನಲ್ಲಿ ಹಿಕ್ಕೆ, ಪೆಲೆಟ್ ಮಾದರಿ, ಒಂದಿಷ್ಟು ಹುಲ್ಲು ಒಯ್ಯಿರಿ. ಜೊತೆಗಾರ ಮೊಲ ಇದ್ದರೆ ಅದನ್ನೂ ಕರೆದುಕೊಂಡು ಹೋಗಿ. ವಿನಯವಾಗಿ, ಆದರೆ ಬಿಡದೆ ಈ ಮೂರನ್ನು ಕೇಳಿ. ಒಂದು: ದವಡೆ ಹಲ್ಲನ್ನು ಉಪಕರಣ ಹಾಕಿ ನೋಡುತ್ತೀರಾ? ಎರಡು: ನೋವಿಗೆ ಔಷಧ ಕೊಡುತ್ತಿದ್ದೀರಾ? ನೋವು ಇಳಿಯದೆ ಕರುಳು ಓಡುವುದಿಲ್ಲ. ಮೂರು: ಆ್ಯಂಟಿಬಯಾಟಿಕ್ ಯಾವುದು? ಅಮಾಕ್ಸಿಸಿಲಿನ್ ತರದ ಪೆನಿಸಿಲಿನ್ ಗುಂಪಿನ ಔಷಧಗಳನ್ನು ಮತ್ತು ಕ್ಲಿಂಡಾಮೈಸಿನ್ ಅನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಜೀವಕ್ಕೇ ಅಪಾಯ. ಉಣ್ಣಿ, ಹೇನಿಗೆಂದು ನಾಯಿಗೆ ಹಾಕುವ ಫಿಪ್ರೋನಿಲ್ ಹನಿಯೂ ಮೊಲಕ್ಕೆ ವಿಷ. ಇತ್ತೀಚೆಗೆ ಹಾಕಿದ್ದರೆ ಹೇಳಿಬಿಡಿ.

ಚೂಪಾದ ಹಲ್ಲನ್ನು ಉಜ್ಜಿ ಸಮ ಮಾಡಲು ಅರಿವಳಿಕೆ ಕೊಡಬೇಕಾದರೆ ‘ರಾತ್ರಿಯಿಂದ ಉಪವಾಸ’ ಎಂಬ ನಾಯಿ–ಬೆಕ್ಕಿನ ನಿಯಮ ಇಲ್ಲಿಲ್ಲ. ವಾಂತಿಯೇ ಮಾಡದ ಪ್ರಾಣಿಗೆ ಅದರ ಅಗತ್ಯವಿಲ್ಲ, ಉಪವಾಸದಿಂದ ಕೇಡೇ ಹೆಚ್ಚು.

## ಮತ್ತೆ ತಿನ್ನಲು ಶುರು ಮಾಡಿದ ಮೇಲೆ

ಮೊದಲ ದಿನ ಹುಲ್ಲು ಮುಟ್ಟಿತು ಎಂದು ಸಿರಿಂಜ್ ನಿಲ್ಲಿಸಬೇಡಿ. ಹಿಕ್ಕೆ ಹಳೆಯ ಗಾತ್ರಕ್ಕೆ ಬಂದು, ಎರಡು ದಿನ ಹಾಗೇ ಉಳಿಯುವವರೆಗೆ ಸ್ವಲ್ಪಸ್ವಲ್ಪ ಕೊಡುತ್ತಿರಿ. ನೋವಿನ ಔಷಧವನ್ನು ಡಾಕ್ಟರ್ ಹೇಳಿದಷ್ಟು ದಿನವೂ ಪೂರ್ತಿ ಹಾಕಿ. ಆಮೇಲೆ ವಾರಕ್ಕೊಮ್ಮೆ ತೂಕ ಸಾಕು.

ದವಡೆ ಹಲ್ಲು ಒಮ್ಮೆ ಚೂಪಾದ ಮೊಲಕ್ಕೆ ಅದು ಮತ್ತೆ ಬರುವುದೇ ಹೆಚ್ಚು. ಕೆಲವಕ್ಕೆ ಕೆಲವೇ ವಾರಗಳಲ್ಲಿ, ಕೆಲವಕ್ಕೆ ತಿಂಗಳುಗಳ ಮೇಲೆ. ಮೊದಲ ಸಲ ಉಜ್ಜಿದ ದಿನಾಂಕವನ್ನೂ, ಮತ್ತೆ ಹುಲ್ಲು ಬಿಟ್ಟ ದಿನಾಂಕವನ್ನೂ ಬರೆದಿಟ್ಟರೆ ನಿಮ್ಮ ಮೊಲದ ಅವಧಿ ಗೊತ್ತಾಗುತ್ತದೆ. ಮುಂದಿನ ಸಲ ಅದಕ್ಕಿಂತ ಒಂದು ವಾರ ಮುಂಚೆಯೇ ಡಾಕ್ಟರ ಹತ್ತಿರ ಸಮಯ ತೆಗೆದುಕೊಳ್ಳಿ.